ರಾವಸಾಬನ ಗಾಡಿಯ ಎಡಗಡೆ ಸೀಟು

“ಆಯಿ, ನನ್ನ ಕನಸಿನ್ಯಾಗ ನನ್ನ ಗಾಡಿ ಭಾಳ ದೊಡ್ಡದೈತಿ. ಹೊರಗಿಂದ ನೋಡಿದ್ರ ಇದ ಪಿಕಪ್, ಇದ ಬಿಳೇ ಬಣ್ಣ, ಬಾಗಲಕ್ಕ ಇದ ನೆಗ್ಗ. ಆದ್ರ ಸೀಟು ಮುಂದಕ್ಕ ಬಗ್ಗಿಸಿದ್ನೆಂದ್ರ ಹಿಂದ ಒಂದು ಸಣ್ಣ ಬಾಗಲಾ ಕಾಣ್ತೈತಿ. ತಗದು ನೋಡಿದ್ರ ಒಳಗ ಖೋಲಿ! ಸಾರಿಸಿದ ನೆಲ, ತಣ್ಣನ್ನ ಗಾಳಿ, ಗ್ವಾಡಿಗಿ ಗೂಡು. ಆ ಗೂಡಿನ್ಯಾಗ ಮೈಕಿನ ಆಂಪ್ಲಿ ಇಟ್ರ ಅಳತಿ ತಗದು ಮಾಡಿಸಿದಂಗ ಕುಂದರ್ತಾವ. ‘ಅಲೆಲೆ, ಇಷ್ಟ ದಿನಾ ಈ ಜಾಗಾ ನನ್ನ ಕಣ್ಣಿಗಿ ಹೆಂಗ ಬೀಳಲಿಲ್ಲೋ’ ಅಂತ ನಾ ನಗತೇನಿ. ಅದರ ಹಿಂದ ಇನ್ನೊಂದು ಖೋಲಿ. ಅಲ್ಲೊಂದು ಕಿಟಕಿ. ಇಣುಕಿದ್ರ ಆಲಮಟ್ಟಿ ಹಿನ್ನೀರು ಇದ್ದಂಗ ಬರೇ ನೀರು. ಆಚಿ ದಂಡಿಗಿ ಯಾರೋ ನಿಂತು ಸೆರಗ ಬೀಸಾಕತ್ತಾರ. ದನಿ ಬಂದೈತಿ ಅಂತಾರೋ, ಬಂದಿಲ್ಲ ಅಂತಾರೋ, ಒಂದೂ ತಿಳೀವಲ್ದು. ‘ಏನs?’ ಅಂತ ಒದರ್ತೇನಿ. ಅಷ್ಟರಾಗ ಎಚ್ಚರ ಆಕ್ಕೈತಿ. ಎದ್ದು ಅಂಗಳಕ್ಕ ಹೋಗಿ ಸೀಟು ಬಗ್ಗಿಸಿ ನೋಡ್ತೇನಿ. ಜಾಕ್ ಐತಿ, ಪಾನಾ ಐತಿ, ನನ್ನ ಹೇಣ್ತಿ ಎಲಿ-ಅಡಕಿ ಚೀಲ ಐತಿ. ಗೇಣು ಜಾಗಾ! ನಗಬ್ಯಾಡ ಆಯಿ. ಖರೇ ಹೇಳ್ತೇನಿ, ದಿನಾ ಮುಂಜಾನೆ ಎದ್ದು ನೋಡ್ತೇನಿ.”

ಹೀಗೆ ಹೇಳಿ ರಾವಸಾಬ ನಮ್ಮ ಕಟ್ಟೆಯ ಮೇಲೆ ಕುಳಿತು ತಾನೇ ನಗುತ್ತಿದ್ದ. ಕೌದಿ ಹೊಲಿಯುವ ಮುದುಕಿ ನಾನು, ಅವನಿಗೆ ಆಯಿ. ಸಿಂದಗಿಯಿಂದ ದೇವರ ಹಿಪ್ಪರಗಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ನಮ್ಮ ಓಣಿಗೂ ಅವನ ಕೇರಿಗೂ ನಡುವೆ ಒಂದೇ ಬೇವಿನ ಗಿಡ. ಆ ಗಿಡದ ಕೆಳಗೆ ಅವನ ಗಾಡಿ ನಿಲ್ಲುತ್ತದೆ. ಇಂಡಿಯಲ್ಲಿ ಮದುವೆಯಿರಲಿ, ಮುದ್ದೇಬಿಹಾಳದಲ್ಲಿ ಸಾಲಿಯ ಕಾರ್ಯಕ್ರಮವಿರಲಿ, ಬಸವನ ಬಾಗೇವಾಡಿಯಲ್ಲಿ ಬಸುರಿ ಹೆಂಗಸಿನ ಕುಬಸವಿರಲಿ, ಸಿಂದಗಿಯಲ್ಲಿ ಏಪ್ರಿಲ್ ತಿಂಗಳ ಜಯಂತಿಯಿರಲಿ, ಮೈಕು ಬೇಕೆಂದರೆ ರಾವಸಾಬನನ್ನು ಕರೆಯುತ್ತಾರೆ. ಉದ್ದನೆಯ ತೆಳ್ಳನೆಯ ಮನುಷ್ಯ. ಯಾರಾದರೂ ಮಾತಾಡಿದರೆ ಕೊಕ್ಕರೆಯ ಹಾಗೆ ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳುತ್ತಾನೆ. ಅದು ಅವನ ಗತ್ತು ಎಂದು ಜನ ತಿಳಿದಿದ್ದಾರೆ. ಗತ್ತಲ್ಲ ಅದು. ಇಷ್ಟು ವರ್ಷ ದೊಡ್ಡ ದೊಡ್ಡ ಸ್ಪೀಕರ್ ಡಬ್ಬಿಗಳ ಪಕ್ಕ ನಿಂತು ನಿಂತು ಅವನ ಬಲಗಿವಿಗೆ ಸಣ್ಣ ಸಪ್ಪಳಗಳು ಬೀಳುವುದಿಲ್ಲ. ಇದನ್ನು ಅವನೂ ಹೇಳಿದವನಲ್ಲ, ಅವನ ಹೆಂಡತಿ ಸಾವಂತ್ರವ್ವನೂ ಹೇಳಿದವಳಲ್ಲ.

ಹೇಳದಿದ್ದರೂ ಅವರ ಕೆಲಸ ಅದರ ಮೇಲೆಯೇ ನಡೆಯುತ್ತಿತ್ತು. ಯಾವ ಊರಿಗೆ ಹೋದರೂ ಸಾವಂತ್ರವ್ವ ಗಾಡಿಯ ಎಡಗಡೆ ಸೀಟಿನಲ್ಲಿ ಕುಳಿತು ಹೋಗುವಳು. ಅಲ್ಲಿನ ಜನ ಡಬ್ಬಿ ಇಳಿಸಿ, ರಾವಸಾಬ ವೈರು ಜೋಡಿಸುವ ಹೊತ್ತಿಗೆ ಅವಳು ಎಲೆ-ಅಡಿಕೆ ಹಾಕಿಕೊಂಡು ಊರಿನ ಕಡೆಯ ಮನೆಯವರೆಗೆ ನಡೆದುಬಿಡುವಳು. ಇವನು ಮೈಕಿನಲ್ಲಿ ಎರಡು ಮಾತಾಡುವನು. ಅವಳು ಅಲ್ಲಿಂದ ಸೆರಗು ತೋರಿಸುವಳು. ಸೆರಗು ಅಡ್ಡ ಬೀಸಿದರೆ ದನಿ ಜಾಸ್ತಿಯಾಯಿತು. ಕೆಳಗೆ ಕುಳಿತುಬಿಟ್ಟರೆ ದನಿ ಬಂದಿದೆ, ಆದರೆ ಮಾತು ಒಡೆದಿದೆ. ಸೆರಗು ಮೇಲೆತ್ತಿ ಹಿಡಿದರೆ ಸರಿಯಾಯಿತು. ಅಲ್ಲಿಗೆ ಅವನು ಕೈ ತೆಗೆಯುವನು, ಮತ್ತೆ ಮುಟ್ಟುತ್ತಿರಲಿಲ್ಲ.

“ದನಿ ದೊಡ್ಡದಾದ್ರ ಏನ ಬಂತ್ರಿ,” ಎನ್ನುವಳು ಅವಳು, “ಕಡೀ ಮನಿ ಮುದುಕಿಗಿ ಮಾತು ತಿಳೀಬೇಕು.”

ಮಗಳು ಸಾಕ್ಷಿ ಮದುವೆಯಾಗಿ ಇಂಡಿಗೆ ಹೋದ ಮೇಲೆ ಸಾವಂತ್ರವ್ವನಿಗೆ ಆ ಸೀಟೇ ಲೋಕವಾಯಿತು. ಕಿಟಕಿಯ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಜೋಳ, ತೊಗರಿ, ಕಾಲುವೆ ನೋಡುತ್ತ ಹೋಗುವುದು. ಬಂದು ನನಗೆ ಹೇಳುವುದು. ನಾನು ನೋಡದ ಎಷ್ಟೋ ಊರುಗಳು ಅವಳ ಮಾತಿನಲ್ಲಿ ನನಗೆ ಗುರುತಾಗಿವೆ. ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ನದಿಯ ಗಾಳಿ ಹಾಡನ್ನು ಅರ್ಧದಲ್ಲೇ ಎತ್ತಿಕೊಂಡು ಹೋಗಿಬಿಡುತ್ತದಂತೆ.

ಈ ಆಂಪ್ಲಿಫೈಯರುಗಳ ಪುರಾಣ ಶುರುವಾಗಿದ್ದು ಒಂದು ಕೌದಿಯಿಂದ. ಆಂಪ್ಲಿ ಎಂದರೆ ಕಬ್ಬಿಣದ ಪೆಟ್ಟಿಗೆ. ಮೈಕಿನ ಸಣ್ಣ ದನಿಯನ್ನು ಹಿಡಿದು ದೊಡ್ಡದು ಮಾಡಿ ಡಬ್ಬಿಗೆ ಕಳಿಸುವುದು ಅದೇ. ಗಾಡಿಯ ಹಿಂದೆ ಡಬ್ಬಿಗಳ ಸಂದಿಯಲ್ಲಿ ಅವು ಕುಣಿಯುತ್ತ, ದೂಳು ಕುಡಿಯುತ್ತ ಹೋಗುವುದನ್ನು ಸಾವಂತ್ರವ್ವನಿಗೆ ನೋಡಲಾಗಲಿಲ್ಲ. ನನ್ನ ಕಡೆ ಬಂದು, “ಆಯಿ, ಕೂಸಿಗಿ ಹೊಲದಂಗ ಎರಡು ಕೌದಿ ಹೊಲದ ಕೊಡು, ಸ್ವಲ್ಪ ದಪ್ಪ ಇರ್ಲಿ,” ಎಂದಳು. ಹಳೆ ಇಳಕಲ್ ಸೀರೆಯ ತುಂಡು ಹಾಕಿ ಹೊಲಿದುಕೊಟ್ಟೆ. ಅವಳು ಆಂಪ್ಲಿಗಳನ್ನು ಎರೆದು ಮಲಗಿಸುವ ಕೂಸಿನ ಹಾಗೆ ಸುತ್ತಿ, ಮೂಲೆಗಳನ್ನು ಗಂಟು ಹಾಕಿ ಇಟ್ಟಳು.

ಬೇಸಿಗೆಯಲ್ಲಿ ಮುದ್ದೇಬಿಹಾಳದ ಕಡೆ ಒಂದು ಮದುವೆ. ಮಧ್ಯಾಹ್ನ ಸುಳಿಗಾಳಿ ಎದ್ದು ಚಪ್ಪರದಲ್ಲೆಲ್ಲ ಕೆಂಪು ದೂಳು. ಕೌದಿ ಬಿಚ್ಚಿದರೆ ದೂಳು ಒಳಗೆ ಹೋಗುತ್ತದೆ ಎಂದು ಗಂಡಹೆಂಡತಿ ಇಬ್ಬರೂ ಮಾತಾಡಿಕೊಂಡು, ಕೌದಿ ಹೊದ್ದಿದ್ದ ಹಾಗೆಯೇ ಆಂಪ್ಲಿ ಚಾಲೂ ಮಾಡಿದರು. ಅವೋ ಉಸಿರಾಡುವ ಸಾಮಾನು. ಹಿಂದೆ ಪಂಖಾ ತಿರುಗಿ ಬಿಸಿಗಾಳಿ ಹೊರಗೆ ಹೋಗಬೇಕು. ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ ಹಾಡೂ ಇಲ್ಲ, ಮಾತೂ ಇಲ್ಲ, ಎಲ್ಲ ಬಂದ್. ಕೌದಿ ಬಿಚ್ಚಿದರೆ ಹಂಚಿನಿಂದ ತೆಗೆದ ರೊಟ್ಟಿಯ ಹಾಗೆ ಸುಡುತ್ತಿತ್ತು. ಸುಮ್ಮನಾದ ಚಪ್ಪರದಲ್ಲಿ ಒಬ್ಬ ಮುದುಕನ ಮಾತು ಎಲ್ಲರಿಗೂ ಕೇಳಿಸಿತು.

“ಯಾಕೋ ರಾವಸಾಬಾ, ಆಂಪ್ಲಿಗಿ ಥಂಡಿ ಹತ್ತಿತ್ತೇನು, ಬ್ಯಾಸಗ್ಯಾಗ ಕೌದಿ ಹೊಚ್ಚಿ?”

“ಹೌದ್ರಿ ಮುತ್ಯಾ,” ಎಂದನಂತೆ ಇವನು, “ಈಗ ಬೆವರು ಬಿಟ್ಟೈತಿ. ಆರಾಮ ಆಕ್ಕೈತಿ.”

ಒಂದು ಆರಾಮಾಯಿತು. ಇನ್ನೊಂದನ್ನು ರಿಪೇರಿಗೆ ಒಯ್ಯಬೇಕಾಯಿತು. ಅಲ್ಲಿ ಹೇಳಿದರು, ಹಿಂಗ ಸಡಿಲ ಇಟ್ಟು ತಿರುಗಬೇಡ, ಗಾಡಿಯಲ್ಲೇ ಒಂದು ಕಡೆ ಕಬ್ಬಿಣದ ಚೌಕಟ್ಟು ಮಾಡಿಸಿ ಕೂಡಿಸಿಬಿಡು, ಗಾಳಿ ಇರಲಿ, ಬಿಸಿಲು ಬೇಡ, ಅದುರಬಾರದು ಅಂತ. ಅಂದಿನಿಂದ ರಾವಸಾಬನಿಗೆ ಜಾಗದ ಹುಚ್ಚು ಹತ್ತಿತು. ಮಳೆಗಾಲವೆಲ್ಲ ಗಾಡಿಯ ಸುತ್ತ ಸುತ್ತಿದ. ಗಾಡಿಯ ಕೆಳಗೆ ಮಲಗಿ ನೋಡಿದ. ಅಲ್ಲಿ ಕೆಸರು. ಕ್ಯಾಬಿನ್ನಿನ ನೆತ್ತಿಯ ಮೇಲೆ ನೋಡಿದ. ಅಲ್ಲಿ ಬಿಸಿಲು. ಹಿಂದಿನ ಬಾಗಿಲ ಹತ್ತಿರ ಗಾಲಿಯ ದೂಳು. ಸೀಟಿನ ಹಿಂದೆ ಆ ಗೇಣು ಜಾಗ. ದಾರ ಹಿಡಿದು ಅಳೆದದ್ದನ್ನೇ ಅಳೆಯುವನು, ನಿನ್ನೆಗಿಂತ ಇವತ್ತು ಗಾಡಿ ಒಂದು ಬೆರಳು ಬೆಳೆದಿರಬಹುದು ಎಂಬಂತೆ. ಹಗಲಿನಲ್ಲಿ ಸಿಗದ ಜಾಗ ಕನಸಿನಲ್ಲಿ ಸಿಗತೊಡಗಿತು.

ಕಡೆಗೆ ಸಿಂದಗಿಗೆ ಹೋಗಿ ಜೈನುದ್ದೀನನಿಗೆ ಗಾಡಿ ತೋರಿಸಿದ. ಜೈನುದ್ದೀನ ವೆಲ್ಡಿಂಗ್ ಕೆಲಸದವನು, ಇವರಿಗೆ ಹಳೆಯ ಗುರುತು. ಸಾವಂತ್ರವ್ವನೂ ಹೋಗಿದ್ದಳು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ನನಗೆ ಒಂದೊಂದು ಮಾತೂ ಬಿಡದೆ ಹೇಳಿದಳು.

ಜೈನುದ್ದೀನ ಗಾಡಿ ಹತ್ತಿದ, ಇಳಿದ, ಮತ್ತೆ ಹತ್ತಿದ. ಕ್ಯಾಬಿನ್ನಿನ ಬೆನ್ನಿಗೆ ಒಂದು ಕಟ್ಟಿಗೆಯ ಪೆಟ್ಟಿಗೆ ಇತ್ತು. ಅದನ್ನು ತಟ್ಟಿ ನೋಡಿದ.

“ರಾವಸಾಬಣ್ಣಾ, ಜಾಗಾ ಇಲ್ಲ ಅಂತಿ. ಇದು ಏನೋ?”

“ಅದನ್ನ ಬಿಡು.”

“ಬಿಡ್ತೇನಿ. ಏನೈತಿ ಅಂತ ಕೇಳಿದೆ.”

“ಅಪ್ಪನ ಭೋಂಗಾ ಅದಾವ.”

ಭೋಂಗಾ ಎಂದರೆ ಉಮ್ಮತ್ತಿ ಹೂವಿನ ಹಾಗೆ ಬಾಯಿ ಅಗಲವಾದ ಹಳೆಯ ತಗಡಿನ ಮೈಕು. ಈಗ ಯಾರೂ ಮದುವೆಗೆ ಅದನ್ನು ಕೇಳುವುದಿಲ್ಲ.

“ಹಚ್ತೀಯೇನು ಅವನ್ನ?”

“ಇಲ್ಲ.”

“ಮತ್ತ ಯಾಕ ಹೊತ್ತು ತಿರುಗ್ತಿ?”

“ನೀ ವೆಲ್ಡಿಂಗ್ ಮಾಡಾಂವ ಅದಿಯೋ, ಪೊಲೀಸ ಅದಿಯೋ?”

ಜೈನುದ್ದೀನ ನಕ್ಕ. ಯಾಕೆ ಹೊತ್ತು ತಿರುಗುತ್ತಾನೆಂದು ನನಗೆ ಗೊತ್ತು, ನಾನು ಕಣ್ಣಾರೆ ನೋಡಿದವಳು. ರಾವಸಾಬನ ಅಪ್ಪ ಆ ಎರಡು ಭೋಂಗಾಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಇಂಡಿಯವರೆಗೆ ತುಳಿಯುತ್ತಿದ್ದ. ಒಂದು ಜಯಂತಿಯ ದಿನ ಬೇವಿನ ಗಿಡಕ್ಕೆ ಅವನ್ನು ಕಟ್ಟಿ ಹಾಡು ಹಚ್ಚಿದ. ಅಲ್ಲಿಯವರೆಗೆ ಆ ಕೇರಿಯ ದನಿ ಊರ ಅಗಸಿಯನ್ನು ದಾಟಿ ಒಳಗೆ ಬಂದದ್ದಿರಲಿಲ್ಲ. ಅಂದು ಬಂತು. ಬೀಸುತ್ತ ಕುಳಿತಿದ್ದ ನಾವು ಬೀಸುಕಲ್ಲು ನಿಲ್ಲಿಸಿ ಕೇಳಿದೆವು. ಅಂಥ ಭೋಂಗಾ ಅವು. ಅವುಗಳನ್ನು ಬಿಟ್ಟು ಗಾಡಿ ಎಲ್ಲಿಗೂ ಹೋಗಬಾರದೆಂದು ಅವನ ಮನಸ್ಸಿನಲ್ಲಿತ್ತು.

“ಹಂಗಾರ ಒಂದ ಜಾಗಾ ಉಳೀತು,” ಎಂದ ಜೈನುದ್ದೀನ. “ಎಡಗಡೆ ಸೀಟು. ಬೋಲ್ಟ್ ಬಿಚ್ಚಿದ್ರ ಮುಗೀತು. ಬಿಸಲಿಲ್ಲ, ದೂಳಿಲ್ಲ, ಕೈ ಅಳತ್ಯಾಗ ಐತಿ. ಆಂಪ್ಲಿಗಿ ಅರಮನಿ ನೋಡು.” ಅಂದವನೇ ತಲೆ ಕೆರೆದುಕೊಂಡ. “ಆದ್ರ ವೈನಿ ಎಲ್ಲಿ ಕುಂದರಬೇಕು?”

ಸಾವಂತ್ರವ್ವ ಅಂಗಡಿಯ ನೆರಳಿನಲ್ಲಿ ನಿಂತಿದ್ದಳು. ರಾವಸಾಬ ಅವಳ ಕಡೆ ತಿರುಗಲಿಲ್ಲ, ಗಾಡಿಯನ್ನೇ ನೋಡುತ್ತ ಹೇಳಿದ. “ಇಕಿಗೂ ತಿರುಗಿ ತಿರುಗಿ ಸಾಕಾಗೇತಿ. ಮನ್ಯಾಗ ಆರಾಮ ಇರ್ತಾಳ. ಹೌದಲ್ಲs?”

“ಹೌದ್ರಿ, ತಗೀರಿ,” ಎಂದಳು ಅವಳು. ಹೋಗಿ ಸೀಟಿನ ಹಿಂದಿನಿಂದ ತನ್ನ ಎಲೆ-ಅಡಿಕೆ ಚೀಲ ತೆಗೆದುಕೊಂಡಳು.

ಬಿಚ್ಚಿದ ಸೀಟು ಅವರ ಅಂಗಳದಲ್ಲಿ ಗೋಡೆಗೆ ಒರಗಿ ಕುಳಿತಿತ್ತು. ಕೋಳಿಯೊಂದು ಅದರ ಮೇಲೆ ಮಲಗತೊಡಗಿತು. ಸಾವಂತ್ರವ್ವ ಅದರ ಮೇಲೆ ಕುಳಿತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. “ಕುಂದರು, ಮೆತ್ತಗೈತಿ,” ಎಂದು ರಾವಸಾಬ ಹೇಳಿದರೆ, “ರಸ್ತೆ ಇಲ್ಲದ ಸೀಟಿನ್ಯಾಗ ಕುಂತು ಎಲ್ಲಿಗಿ ಹೋಗ್ಲಿರಿ?” ಎಂದು ಕಸ ಗುಡಿಸಲು ಹೊರಟಳು.

ಗಾಡಿ ಹೊರಟ ಮೇಲೆ ನನ್ನ ಹತ್ತಿರ ಬಂದು ಕೂರುವಳು. ನಾನು ಸೂಜಿಗೆ ದಾರ ಪೋಣಿಸಲು ಕೊಟ್ಟರೆ ಪೋಣಿಸಿ ಕೊಡುವಳು. ಗಾಡಿಯ ಸಪ್ಪಳ ಕೇರಿ ದಾಟಿ, ಡಾಂಬರಿಗೆ ಬಿದ್ದು, ತೆಳ್ಳಗಾಗಿ, ನೊಣದ ಗುಂಯ್‌ಗುಡುವಿಕೆಯಷ್ಟಾಗಿ, ಆಮೇಲೆ ಬರೇ ಬೇವಿನ ಎಲೆಯ ಸಪ್ಪಳ ಉಳಿಯುವುದು. ಅಲ್ಲಿಯವರೆಗೂ ಅವಳು ಬಾಯಿಯಲ್ಲಿದ್ದ ಎಲೆ ಜಗಿಯುತ್ತಿರಲಿಲ್ಲ.

“ನನಗ ಸಿಟ್ಟಿಲ್ಲ ಆಯಿ,” ಎಂದಳು ಒಂದು ದಿನ. “ಮಾವನ ಭೋಂಗಾ ದೊಡ್ಡವು, ಖರೇ. ಆದ್ರ ಇಷ್ಟ ವರ್ಷ ಹೊಲದ ಆಚಿ ದಂಡ್ಯಾಗ ನಿಂತು ಸೆರಗ ಬೀಸಿದ್ನೆಲ್ಲ, ಅದು ಸುಮ್ನ ಹೊತ್ತು ಕಳಿಯಾಕ ಅಂತ ತಿಳ್ಕೊಂಡಿದ್ರೇನು ಇವ್ರು?”

ನಾನು ಕೌದಿಗೆ ಸೂಜಿ ಚುಚ್ಚಿದೆ. ಅದಕ್ಕೆ ಉತ್ತರ ಹೇಳಬೇಕಾದವನು ರಾವಸಾಬ, ನಾನಲ್ಲವಲ್ಲ.

ದೀಪಾವಳಿ ಕಳೆದ ಮೇಲೆ ಬಸವನ ಬಾಗೇವಾಡಿಯಲ್ಲಿ ಒಂದು ಕುಬಸ. ರಾವಸಾಬ ಒಬ್ಬನೇ ಹೋದ. ಎಡಗಡೆಯ ಅರಮನೆಯಲ್ಲಿ ಆಂಪ್ಲಿಗಳು ಕುಳಿತಿದ್ದವು. ಆ ಮನೆಯ ಹಿರಿಯ ಸೊಸೆ ಸುನೀತಾ ಮೊದಲೇ ಹೇಳಿದ್ದಳು. “ನಮ್ಮತ್ತಿ ಹಿತ್ತಲ ಖೋಲ್ಯಾಗ ಮಲಗ್ಯಾರ್ರಿ, ಎದ್ದು ಬರಾಕ ಆಗೂದಿಲ್ಲ. ಸೋಬಾನ ಹಾಡೆಲ್ಲ ಅವ್ರು ಕಲಿಸಿದ್ವು. ಹಾಸಗ್ಯಾಗ ಅವ್ರಿಗಿ ಕೇಳಬೇಕು ನೋಡ್ರಿ.” ಹೆಂಗಸರು ಮೈಕಿನ ಮುಂದೆ ಕುಳಿತು ಹಾಡಿದರು. ರಾವಸಾಬ ಡಬ್ಬಿಯ ಪಕ್ಕ ನಿಂತು ತನ್ನ ಕಿವಿಗೆ ಚಂದ ಕೇಳುವವರೆಗೆ ತಿರುವಿದ. ಚಂದ ಕೇಳಿತು ಕೂಡ. ತಲೆದೂಗಿದ. ಆದರೆ ನಡುನಡುವೆ ಅವನ ಕಣ್ಣು ಓಣಿಯ ಕಡೆಯ ಮನೆಯತ್ತ ಹೋಗುತ್ತಿತ್ತಂತೆ. ಅಲ್ಲಿ ಒಣಹಾಕಿದ ಒಂದು ಸೀರೆ ಗಾಳಿಗೆ ಆಡುತ್ತಿತ್ತು. ಅದು ಅಡ್ಡ ಆಡಿದರೆ ಇವನ ಕೈ ತಾನಾಗಿ ದನಿ ಇಳಿಸುವುದು, ಮೇಲೆದ್ದರೆ ಬಿಡುವುದು.

“ಸೀರಿ ಮಾತು ಕೇಳಿದೆ ನೋಡು ಆಯಿ,” ಎಂದು ಆಮೇಲೆ ನನಗೆ ಹೇಳಿ ನಕ್ಕ. “ಉಟ್ಟಾಕಿ ಇರ್ಲಿಲ್ಲ ಅದರಾಗ.”

ಕಾರ್ಯ ಮುಗಿದ ಮೇಲೆ ಸುನೀತಾ ಬಂದು, ಬೇಸರ ಮಾಡಿಕೊಳ್ಳಬಾರದೆಂಬಂತೆ ಮೆಲ್ಲಗೆ ಹೇಳಿದಳು. “ಹಾಡು ಒಂದೂ ತಿಳೀಲಿಲ್ಲಂತ್ರಿ ಅತ್ತಿಗಿ. ಬರೇ ಗುಂಯ್ ಅಂತಿತ್ತಂತ. ‘ಹಾಡಾಕತ್ತಾರೋ, ಗಿರಣಿ ಚಾಲೂ ಮಾಡ್ಯಾರೋ’ ಅಂತ ಕೇಳಿದ್ರು.” ಮತ್ತೆ ಕೇಳಿದಳು. “ನಿಮ್ಮ ಮನಿಯವ್ರು ಬಂದಿಲ್ಲೇನ್ರಿ? ಹೋದ ಸಲ ಹಿತ್ತಲಕ್ಕ ಬಂದು ನಮ್ಮತ್ತಿ ಕೂಡ ಕುಂತು ಕೇಳಿ ಹೋಗಿದ್ರು.”

ಅಡುಗೆಯವನೂ ಕೇಳಿದನಂತೆ. ಕಡೆಯ ಮನೆಯವರೂ ಕೇಳಿದರಂತೆ. ಮನಿಯವ್ರು ಬಂದಿಲ್ಲೇನು?

ಸಂಜೆ ಒಬ್ಬನೇ ಗಾಡಿ ಹೊಡೆದುಕೊಂಡು ಬಂದ. ತೊಗರಿ ಹೂ ಬಿಟ್ಟ ದಿನಗಳು. ದಾರಿಯ ಎರಡೂ ಬದಿಗೆ ಹಳದಿ. ಹೊತ್ತು ಮುಳುಗುವಾಗ ಹೂವಿನ ಬಣ್ಣ ಯಾವುದು, ಬೆಳಕಿನ ಬಣ್ಣ ಯಾವುದು ತಿಳಿಯದಂತಾಗಿ, ಗಾಡಿ ರಸ್ತೆಯ ಮೇಲಿದೆಯೋ ತೇಲುತ್ತಿದೆಯೋ ಎನಿಸಿತಂತೆ. “ತೊಗರಿ ನೋಡs ಹೆಂಗ ಆಗೇತಿ,” ಎಂದು ಎಡಕ್ಕೆ ತಿರುಗಿದ. ಕಬ್ಬಿಣ ಕುಳಿತಿತ್ತು. ಮತ್ತೆ ಸ್ವಲ್ಪ ದೂರ ಬಂದು ಇನ್ನೇನೋ ಹೇಳಲು ತಿರುಗಿದ. ಆಗಲೂ ಕಬ್ಬಿಣವೇ. ಕಿಟಕಿಯ ಗಾಜು ಮೇಲೇರಿಸಿಯೇ ಇತ್ತು. ಆ ಬದಿಯ ಗಾಳಿಯೂ ಒಳಗೆ ಬರಲಿಲ್ಲ. ದೇವರ ಹಿಪ್ಪರಗಿಯಲ್ಲಿ ಗಾಡಿ ನಿಲ್ಲಿಸಿ ಮಿರ್ಚಿ ಭಜಿ ಕಟ್ಟಿಸಿದ. ರೂಢಿಯಂತೆ ಎರಡು ಪೊಟ್ಟಣ.

ಮನೆಗೆ ಬಂದು ಎರಡನ್ನೂ ಸಾವಂತ್ರವ್ವನ ಮುಂದಿಟ್ಟ. ನಾನು ಅಲ್ಲೇ ಜಗುಲಿಯ ಮೇಲಿದ್ದೆ.

“ಎರಡು ಯಾಕ್ರಿ?”

“ಒಂದು ನಂದು, ಒಂದು ನಿಂದು.”

“ದಾರ್ಯಾಗ ಆಂಪ್ಲಿ ತಿನ್ನಲಿಲ್ಲೇನ್ರಿ?”

ರಾವಸಾಬ ನಗಲಿಲ್ಲ. ಕೆಳಗೆ ಕುಳಿತ. ತಲೆ ವಾಲಿಸಿ, ಎಡಗಿವಿಯನ್ನು ಅವಳ ಕಡೆ ಮಾಡಿದ.

“ನನಗ ಈ ಬಲಗಿವಿ ಕೇಳೂದಿಲ್ಲ,” ಎಂದ.

“ಗೊತ್ತೈತ್ರಿ.”

“ಇವತ್ತ ಎಲ್ಲಾರೂ ಮನಿಯವ್ರು ಬಂದಿಲ್ಲೇನು ಅಂತ ಕೇಳಿದ್ರು. ಭೋಂಗಾ ಬಂದಾವೇನು ಅಂತ ಒಬ್ಬರೂ ಕೇಳಲಿಲ್ಲ.”

ಸಾವಂತ್ರವ್ವ ಪೊಟ್ಟಣ ಬಿಚ್ಚಿ, ಒಂದು ಭಜಿ ನನ್ನ ಕೈಗಿಟ್ಟು, ಒಂದನ್ನು ಅವನಿಗೆ ಕೊಟ್ಟಳು. “ತಿನ್ರಿ, ಆರತಾವ,” ಎಂದಳು.

ಮರುದಿನ ಬೆಳಿಗ್ಗೆ ಅವನು ತಾನೇ ಗಾಡಿ ಹತ್ತಿ ಆ ಕಟ್ಟಿಗೆಯ ಪೆಟ್ಟಿಗೆಯನ್ನು ಎಳೆಯುತ್ತಿದ್ದ. ಸಾವಂತ್ರವ್ವ ಹಿಂದಿನಿಂದ ಹೋಗಿ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಳು.

“ಎಲ್ಲಿ ಇಡ್ತೀರಿ ಇವನ್ನ?”

“ಅಟ್ಟದ ಮ್ಯಾಲ.”

“ಇಲಿ ತಿಂದು ಹೋಗಾಕೇನು? ಮಾವ ನೋಡಿದ್ರ ಬೈತಿದ್ದ. ಛಾವಣಿ ಅಂಚಿಗಿ ಕಟ್ರಿ, ಹೊರಗ. ಅಗಸಿ ಕಡೆ ಬಾಯಿ ಮಾಡಿ ಕಟ್ರಿ.”

ಹಾಗೇ ಕಟ್ಟಿದರು. ತಂತಿಯಿಲ್ಲ, ಕರೆಂಟಿಲ್ಲ. ಆದರೆ ಮಧ್ಯಾಹ್ನ ತೊಗರಿ ಹೊಲದ ಕಡೆಯಿಂದ ಗಾಳಿ ಬಂದರೆ ಭೋಂಗಾಗಳ ಬಾಯಿಯೊಳಗೆ ಹೊಕ್ಕು ಹೂಂ... ಎನ್ನುತ್ತದೆ. ಮಲಗಿದ್ದವರು ಯಾರೋ ಕತೆಗೆ ಹೂಂಗುಟ್ಟಿದ ಹಾಗೆ. ನಾನು ಕೌದಿ ಹೊಲಿಯುತ್ತ ಅದನ್ನು ಕೇಳುತ್ತೇನೆ. ಕೆಲವೊಮ್ಮೆ ಆ ಹಳೆಯ ಜಯಂತಿಯ ದಿನವೇ ಇನ್ನೂ ಮುಗಿದಿಲ್ಲವೇನೋ ಎನಿಸುತ್ತದೆ.

ಊರಿಗೆ ಬಂದ ಜೈನುದ್ದೀನ ಬಹಳ ನಕ್ಕ. “ಮೊದಲ ದಿನ ಆ ಪೆಟಿಗಿ ತಟ್ಟಿ ಕೇಳಿದ್ನೋ ಇಲ್ಲೋ, ವೈನಿ ನೀವ ಹೇಳ್ರಿ,” ಎನ್ನುತ್ತಲೇ ಪೆಟ್ಟಿಗೆಯಿದ್ದ ಜಾಗದಲ್ಲಿ, ಕ್ಯಾಬಿನ್ನಿನ ಬೆನ್ನಿಗೆ, ಚೌಕಟ್ಟು ಕೂಡಿಸಿದ. ಅದುರದಂತೆ ಕೆಳಗೆ ಹಳೆ ಟಯರಿನ ರಬ್ಬರು. ಗಾಳಿಯಾಡಲು ಮೂರು ಬದಿಗೆ ಜಾಳಿಗೆ. ಬಿಸಿಲಿಗೆ ಮೇಲೊಂದು ತಗಡಿನ ಟೊಪ್ಪಿಗೆ. ಸೀಟು ಮತ್ತೆ ಹಾಕಲು ಹೋದರೆ ಕೋಳಿ ಅದರ ಕುಳಿಯಲ್ಲಿ ಮೊಟ್ಟೆ ಇಟ್ಟಿತ್ತು. ಎಬ್ಬಿಸಲು ಹೋದ ರಾವಸಾಬನ ಕೈ ಕುಕ್ಕಿತು.

“ಕುಕ್ಕಲಿ ಬಿಡ್ರಿ,” ಎಂದಳು ಸಾವಂತ್ರವ್ವ, “ಜಾಗಾ ಬಿಡ್ಸಿದ್ರ ಯಾರಿಗಾದ್ರೂ ಸಿಟ್ಟು ಬರ್ತೈತಿ.”

ಸೀಟು ಕೂಡಿಸಿದ ಸಂಜೆ ಪರೀಕ್ಷೆ ನಡೆಯಿತು. ರಾವಸಾಬ ಬೇವಿನ ಗಿಡದ ಕೆಳಗೆ ಗಾಡಿಯ ಮೇಲೆ ನಿಂತ. ಸಾವಂತ್ರವ್ವ ಎಲೆ-ಅಡಿಕೆ ಹಾಕಿಕೊಂಡು ಕೇರಿ ದಾಟಿ, ಹೊಲದ ದಾರಿ ಹಿಡಿದು, ತೊಗರಿಯ ಹಳದಿಯೊಳಗೆ ಸಣ್ಣವಳಾಗುತ್ತ ಹೋದಳು. ಇವನು ಮೈಕಿನಲ್ಲಿ ಎರಡು ಮಾತಾಡಿದ. ಅವಳು ಕೆಳಗೆ ಕುಳಿತಳು. ಇವನು ತಿರುವಿದ. ಎದ್ದು ನಿಂತು ಸೆರಗು ಅಡ್ಡ ಬೀಸಿದಳು. ಮತ್ತೆ ಇಳಿಸಿದ. ಇನ್ನೂ ಇಳಿಸಿದ. ನನ್ನ ಕಟ್ಟೆಗೆ ಆ ದನಿ ಪಕ್ಕದ ಮನೆಯವರು ಮಾತಾಡಿದಷ್ಟು ಮೆತ್ತಗೆ ಬರುತ್ತಿತ್ತು. ಆಗ ಅವಳ ಸೆರಗು ನೆಟ್ಟಗೆ ಮೇಲೆದ್ದು ನಿಂತಿತು. ಇಷ್ಟು ದೂರದಿಂದ ನನ್ನ ಮುದಿಗಣ್ಣಿಗೂ ಸ್ಪಷ್ಟ ಕಂಡಿತು.

ರಾವಸಾಬ ಕೈ ತೆಗೆದ.

“ಈಗೂ ಕನಸು ಬೀಳ್ತೈತೇನೋ?” ಎಂದು ಮೊನ್ನೆ ಅವರ ಜಗುಲಿಯ ಮೇಲೆ ಕುಳಿತು ಕೇಳಿದೆ.

“ಬೀಳ್ತೈತಿ ಆಯಿ. ಖೋಲಿ ಎಲ್ಲಾ ಹೋದೂವು. ಬರೇ ಗಾಡಿ, ಬರೇ ರಸ್ತೆ. ಇಕಿ ಕಿಟಕಿ ಗಾಜು ಇಳಿಸಿ ಕುಂತಿರ್ತಾಳ.”

“ಕನಸಿನ್ಯಾಗರ ಬೆನ್ನಿಗಿ ಒಂದು ದಿಂಬು ಇಡ್ರಿ,” ಎಂದಳು ಒಳಗಿನಿಂದ ಸಾವಂತ್ರವ್ವ. “ನಿಮ್ಮ ಜೈನುದ್ದೀನ ಸೀಟು ನೆಟ್ಟಗ ಕೂಡಿಸಿಲ್ಲ.”

ಇಂದು ಅವರು ಮುದ್ದೇಬಿಹಾಳಕ್ಕೆ ಹೋಗಬೇಕು. ರಾವಸಾಬ ಗಾಡಿಯ ಗಾಜಿಗೆ ನೀರು ಚೆಲ್ಲಿ ಒರೆಸುತ್ತಿದ್ದಾನೆ. ಒಳಗೆ ಒಲೆ ಉರಿಯುತ್ತಿದೆ. ದಾರಿಗೆ ಬೇಕಲ್ಲ, ಸಾವಂತ್ರವ್ವ ಜೋಳದ ಹಿಟ್ಟು ನಾದಿ, ಪರಾತದ ಮೇಲೆ ಉಂಡೆ ಇಟ್ಟು, ಟಪಟಪ ರೊಟ್ಟಿ ಬಡಿಯುತ್ತಿದ್ದಾಳೆ. ಬಡಿದದ್ದನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ ಹಾಕಿ, ಮುಂದಿನ ಉಂಡೆಗೆ ಕೈ ಹಾಕಿದಳು.